ನಾನು ಕತ್ತರಿಸಿದ ಎಂಟು ಸೊನ್ನೆಗಳು

ನನಗೆ ಸಂಶಯ ಜಾಸ್ತಿ. ಇದನ್ನು ಹೆಮ್ಮೆಯಿಂದಲೇ ಹೇಳಿಕೊಂಡು ತಿರುಗುತ್ತಿದ್ದ ಕಾಲ ಒಂದಿತ್ತು. ಶಿರ್ತಾಡಿಯಿಂದ ಮೂಡುಬಿದಿರೆಗೆ ಬಸ್ಸಿನಲ್ಲಿ ಹೋಗುವಾಗ ಟಿಕೆಟಿನ ಮೇಲಿನ ತಾರೀಕು ನೋಡುತ್ತೇನೆ. ಮೀನಿನವನು ಬಂಗುಡೆ ಎಣಿಸುವಾಗ ಅವನ ಬಾಯಿ ನೋಡುವುದಿಲ್ಲ, ಕೈ ನೋಡುತ್ತೇನೆ. ಮನೆಗೆ ಬೀಗ ಹಾಕಿ ಗೇಟಿನವರೆಗೆ ಹೋದವನು ತಿರುಗಿ ಬಂದು ಬೀಗ ಎಳೆದು ನೋಡದಿದ್ದರೆ ಆ ದಿನವಿಡೀ ಸಮಾಧಾನವಿರುವುದಿಲ್ಲ. ಇದು ಅಮ್ಮನಿಂದ ಬಂದದ್ದು. ಅವಳು ಬೀಡಿ ಕಟ್ಟಿ ನನ್ನನ್ನು ಓದಿಸಿದವಳು. ಕಟ್ಟಿದ ಬೀಡಿ ಕೊಡಲು ಕಂಪೆನಿಯ ಬ್ರಾಂಚಿಗೆ ಹೊರಡುವ ಮೊದಲು ಕಟ್ಟುಗಳನ್ನು ತಾನೊಮ್ಮೆ ಎಣಿಸಿ, ನನ್ನಿಂದಲೂ ಒಮ್ಮೆ ಎಣಿಕೆ ಮಾಡಿಸುತ್ತಿದ್ದಳು. ಅಲ್ಲಿ ಚೆಕ್ಕರ್ ಮೊರಕ್ಕೆ ಕೈ ಹಾಕಿ, ಇದು ಸರಿಯಿಲ್ಲ, ಅದು ಸರಿಯಿಲ್ಲ ಎಂದು ಎಷ್ಟು ಬೀಡಿ ಬದಿಗೆ ಹಾಕುತ್ತಾನೆ ಎಂಬುದಕ್ಕೆ ನಾವಿಬ್ಬರೂ ಸಾಕ್ಷಿ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯನ್ನು ಶಾಲೆಯಲ್ಲಿ ವಿಸ್ತರಿಸಲು ಕೊಟ್ಟಾಗ ನಾನು ಒಂದು ಪುಟ ಬೀಡಿ ಬ್ರಾಂಚಿನ ಬಗ್ಗೆಯೇ ಬರೆದಿದ್ದೆ.

ಹೀಗಿರುವವನಿಗೆ ಮೂಡುಬಿದಿರೆಯ ಹತ್ತಿರದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್ ಕೆಲಸ ಸಿಕ್ಕಿತು. ಮೂವತ್ತು ಕಂಪ್ಯೂಟರುಗಳು, ಅವುಗಳಿಗೆ ನಾನು ಜವಾಬ್ದಾರ. ಆದರೆ ಬೀಗದ ಕೈ ಇದ್ದದ್ದು ಅಟೆಂಡರ್ ಬಳಿ. ಅವರು ನನಗಿಂತ ಹನ್ನೆರಡು ವರ್ಷ ದೊಡ್ಡವರು, ನನಗಿಂತ ಮೊದಲೇ ಅಲ್ಲಿಗೆ ಬಂದವರು, ಸಿದ್ಧಕಟ್ಟೆಯಿಂದ ಬೈಕಿನಲ್ಲಿ ಓಡಾಡುವವರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಸರ್ ಎನ್ನುತ್ತಿದ್ದರು. ಬೆಳಿಗ್ಗೆ ಎಂಟೂಮುಕ್ಕಾಲಿಗೆ ಬಾಗಿಲು ತೆಗೆದು, ಸಂಜೆ ಐದಕ್ಕೆ ಫ್ಯಾನು ಲೈಟು ಆರಿಸಿ, ಬೀಗ ಹಾಕಿ, ಆ ಗೊಂಚಲನ್ನು ಪ್ಯಾಂಟಿನ ಬಲಗಡೆಯ ಜೇಬಿಗೆ ಇಳಿಸಿ ಮೇಲಿನಿಂದ ಒಮ್ಮೆ ತಟ್ಟುವುದು ಅವರ ಕ್ರಮ. ಇಷ್ಟು ವರ್ಷದಲ್ಲಿ ಒಂದು ಮೌಸ್ ಕೂಡ ಆ ಲ್ಯಾಬಿನಿಂದ ಹೋದದ್ದಿಲ್ಲ. ಅದಕ್ಕೇ ನನಗೆ ಸ್ವಲ್ಪ ಸಂಶಯ. ಏನೂ ಹೋಗದ ಜಾಗ ಎಲ್ಲಿದೆ?

ಪ್ರತಿ ವರ್ಷ ಮಾರ್ಚಿನಲ್ಲಿ ಸ್ಟಾಕ್ ನೋಡುವ ಸಮಿತಿ ಬರುತ್ತದೆ. ಮೇಜು ಎಷ್ಟು, ಕುರ್ಚಿ ಎಷ್ಟು ಎಂಬುದನ್ನು ಅವರೇ ಎಣಿಸುತ್ತಾರೆ. ಕಂಪ್ಯೂಟರಿನ ಒಳಗೆ ಏನುಂಟು ಎಂಬುದಕ್ಕೆ ಮಾತ್ರ ನಾನು ಕೊಡುವ ಕಾಗದವೇ ಆಧಾರ. ಕಂಪ್ಯೂಟರ್ ಶುರುವಾಗುವಾಗ, ಪರದೆಯ ಮೇಲೆ ಚಿತ್ರ ಬರುವ ಮೊದಲು, ಕಪ್ಪಿನ ಮೇಲೆ ಬಿಳಿ ಅಕ್ಷರದ ಸಾಲುಗಳು ಓಡುವುದನ್ನು ಕೆಲವರಾದರೂ ನೋಡಿರುತ್ತಾರೆ. ನಮ್ಮ ಲ್ಯಾಬಿನ ಲಿನಕ್ಸ್ ಆ ಸಾಲುಗಳನ್ನು ಒಂದು ಕಡತದಲ್ಲಿ ಬರೆದಿಡುತ್ತದೆ. ಅದರ ಮೇಲ್ಭಾಗದಲ್ಲೇ ಮೆಮೊರಿಯ ವಿವರ. ಇಂಥ ವಿಳಾಸದಿಂದ ಇಂಥ ವಿಳಾಸದವರೆಗೆ ಬಳಸಬಹುದು, ಇಲ್ಲಿಂದ ಇಲ್ಲಿಯವರೆಗೆ ಹಾರ್ಡ್‌ವೇರ್‌ಗೆ ಮೀಸಲು, ಹೀಗೆ. ಜಾಗದ ಪತ್ರದಲ್ಲಿ ಚಕ್ಕುಬಂದಿ ಬರೆದ ಹಾಗೆ. ಒಂದೊಂದು ವಿಳಾಸಕ್ಕೂ ಹದಿನಾರು ಅಂಕೆ, ಅದರಲ್ಲಿ ಮುಂದಿನ ಎಂಟು ಬರೀ ಸೊನ್ನೆ. ಮೂವತ್ತು ಯಂತ್ರಗಳ ಚಕ್ಕುಬಂದಿಯನ್ನು ಅಚ್ಚು ಹಾಕಿದರೆ ಪುಟದ ಅರ್ಧ ಭಾಗ ಸೊನ್ನೆಗಳೇ ತುಂಬಿರುತ್ತಿದ್ದವು. ಸಮಿತಿಯ ಹಿರಿಯರೊಬ್ಬರು ಒಂದು ವರ್ಷ ಕನ್ನಡಕ ಸರಿಸಿ, "ಇದೆಂತ ಮಾರಾಯ, ಕೋಳಿಮೊಟ್ಟೆಯ ಲೆಕ್ಕವಾ?" ಎಂದು ಎಲ್ಲರ ಎದುರು ಕೇಳಿದ್ದರು. ನಗಬೇಕಾದ ಮಾತು. ನನಗೆ ಮಾತ್ರ ಚುಚ್ಚಿತು.

ಮರುವರ್ಷ ನಾನು ಕಡತವನ್ನು ಚೊಕ್ಕ ಮಾಡಲು ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಪ್ರತಿ ವಿಳಾಸದ ಮುಂದಿನ ಎಂಟು ಅಂಕೆ ಕತ್ತರಿಸು. ಸಾಲುಗಳನ್ನು ಕ್ರಮಕ್ಕೆ ತಾ. ಒಂದರ ಮೇಲೊಂದು ಬಿದ್ದ ಸಾಲು ಸಿಕ್ಕಿದರೆ, ಅದು ಎರಡು ಸಲ ಬಂದದ್ದೆಂದು ತಿಳಿದು ಕಿತ್ತು ಹಾಕು. ಉಳಿದದ್ದನ್ನು ಕೂಡಿಸಿ ಕೊನೆಗೆ ಮೊತ್ತ ಬರೆ. ಮೂವತ್ತು ಯಂತ್ರ, ಮೂರೇ ಪುಟ. ಅಂಚಿಗೆ ಅಂಚು ಕೂಡಿ ನಿಂತ ಆ ಅಂಕೆಗಳನ್ನು ನೋಡಿ ನಾನು ಖುಷಿಪಟ್ಟದ್ದು ಸುಳ್ಳಲ್ಲ. ಅಟೆಂಡರ್ ಅಣ್ಣನನ್ನೂ ಕರೆದು ತೋರಿಸಿದೆ. "ಚಂದ ಉಂಟು ಸರ್, ಮದುವೆ ಕಾಗದದ ಹಾಗೆ" ಎಂದರು.

ಅವರು ಆಚೆ ಹೋದ ಮೇಲೆ ನನ್ನ ಕಣ್ಣು ಕೊನೆಯ ಸಾಲಿನ ಯಂತ್ರಗಳ ಮೇಲೆ ಬಿತ್ತು. ಇಪ್ಪತ್ತನಾಲ್ಕರಿಂದ ಮೂವತ್ತರವರೆಗಿನ ಏಳು ಯಂತ್ರಗಳಿಗೆ ಹಿಂದಿನ ದಸರಾ ರಜೆಯಲ್ಲಿ ನಾಲ್ಕು ಜಿಬಿಯ ಒಂದೊಂದು ಹೊಸ ಮೆಮೊರಿ ಚಿಪ್‌ಪಟ್ಟಿಯನ್ನು ಹಾಕಿದ್ದೆವು. ಮೊದಲೇ ನಾಲ್ಕಿತ್ತು, ಸೇರಿ ಎಂಟು. ಹಾಕುವಾಗ ಟಾರ್ಚ್ ಹಿಡಿದು ನಿಂತದ್ದು ಇದೇ ಅಣ್ಣ. ಈಗ ಕಾಗದದಲ್ಲಿ ಆ ಏಳೂ ಮೂರು ಚಿಲ್ಲರೆ ಎನ್ನುತ್ತಿದ್ದವು. ಎರಡೇ ಜಿಬಿಯ ಹಳೆಯ ಇಪ್ಪತ್ತಮೂರು ಯಂತ್ರಗಳ ಲೆಕ್ಕ ಸರಿಯಾಗಿಯೇ ಇತ್ತು.

ನಾನು ಬಾಗಿಲ ಕಡೆ ನೋಡಿದೆ. ಎಂಟರಲ್ಲಿ ನಾಲ್ಕು ಹೋದರೆ ನಾಲ್ಕು. ನಾಲ್ಕರಲ್ಲಿ ಒಂದಿಷ್ಟನ್ನು ಹಾರ್ಡ್‌ವೇರ್ ತನಗೆಂದು ಇಟ್ಟುಕೊಳ್ಳುವುದುಂಟು, ಉಳಿಯುವುದು ಮೂರು ಚಿಲ್ಲರೆ. ಲೆಕ್ಕ ಹೊಂದಿತು. ಹಳೆಯದನ್ನು ಮುಟ್ಟದೆ ಹೊಸದನ್ನೇ ತೆಗೆದಿದ್ದಾರೆ ಎಂದರೆ ಯಾವುದು ಹೊಸದೆಂದು ನೋಡಿ ಗೊತ್ತಿದ್ದವರೇ ತೆಗೆದಿದ್ದಾರೆ. ಅದೂ ಹೊಂದಿತು.

ಆಗಲೇ ಒಂದು ಯಂತ್ರದ ಕ್ಯಾಬಿನೆಟ್ ಬಿಚ್ಚಿ ನೋಡಬಹುದಿತ್ತಲ್ಲ ಎಂದು ಯಾರಾದರೂ ಕೇಳುತ್ತಾರೆ. ನೋಡುತ್ತಿದ್ದೆ. ಆದರೆ ಮರುದಿನದಿಂದ ಹೊರಗಿನ ಯಾವುದೋ ಆನ್‌ಲೈನ್ ಪರೀಕ್ಷೆಗೆ ನಮ್ಮ ಲ್ಯಾಬನ್ನು ಕೊಟ್ಟಿದ್ದರು. ಅವರ ಜನ ಅಂದು ಮಧ್ಯಾಹ್ನವೇ ಬಂದು ಪ್ರತಿ ಕ್ಯಾಬಿನೆಟ್‌ಗೂ ಕಾಗದದ ಸೀಲ್ ಅಂಟಿಸಿದರು. ಹನ್ನೊಂದು ದಿನ ಯಾರೂ ಮುಟ್ಟುವಂತಿಲ್ಲ, ನಾನು ಒಳಗೆ ಕಾಲಿಡುವಂತೆಯೂ ಇಲ್ಲ. ನನ್ನ ಕೈಯಲ್ಲಿ ಉಳಿದದ್ದು ಮೂರು ಪುಟ ಕಾಗದ ಮತ್ತು ನನ್ನ ಸ್ವಭಾವ.

ಮೊದಲ ಆದಿತ್ಯವಾರ ನಾರಾವಿ ದಾಟಿ ಬೆಳ್ತಂಗಡಿಗೆ ಹೋದೆ. ಅಲ್ಲಿ ಹಳೆಯ ಕಂಪ್ಯೂಟರಿನ ಬಿಡಿಭಾಗ ಮಾರುವ ಒಂದು ಅಂಗಡಿ ಇದೆ. ಗಾಜಿನ ಪೆಟ್ಟಿಗೆಯೊಳಗೆ ನಾಲ್ಕು ಜಿಬಿಯ ಪಟ್ಟಿಗಳು, ನಮ್ಮದೇ ಕಂಪೆನಿಯವು, ಸಾಲಾಗಿ ಮಲಗಿದ್ದವು. ನಮ್ಮ ಪಟ್ಟಿಗಳ ಮೂಲೆಗೆ ನಾನು ಕೆಂಪು ನೈಲ್‌ಪಾಲಿಶಿನ ಚುಕ್ಕೆ ಇಟ್ಟಿದ್ದೆ. ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದೆ. ಚುಕ್ಕೆ ಇರಲಿಲ್ಲ. ಅಂಗಡಿಯವರು ಬ್ಯಾರಿ ಮುಸ್ಲಿಮರು, ತಾಳ್ಮೆಯ ಮನುಷ್ಯ. "ಎಂತ ಹುಡುಕುದು ಸರ್? ಗುರುತು ಹೇಳಿದ್ರೆ ನಾನೂ ಹುಡುಕ್ತೇನೆ" ಎಂದರು. ಗುರುತು ಹೇಳಿದರೆ ಅಳಿಸಿಬಿಟ್ಟಾರು ಎಂದು ಸುಮ್ಮನಿದ್ದೆ. ಬಸ್ಸಿನಲ್ಲಿ ಬರುವಾಗ ಹೊಳೆಯಿತು, ನೈಲ್‌ಪಾಲಿಶ್ ಅಳಿಸುವ ದ್ರವ ಎಲ್ಲ ಫ್ಯಾನ್ಸಿ ಅಂಗಡಿಯಲ್ಲೂ ಸಿಗುತ್ತದೆ. ಚುಕ್ಕೆ ಇಲ್ಲದ್ದೇ ನನಗೆ ಸಾಕ್ಷಿಯಾಯಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಮರುದಿನ ಕಾಲೇಜಿನಲ್ಲಿ ಅಣ್ಣನೊಡನೆ ಮಾತಿಗೆ ಮಾತು ಸೇರಿಸಿ, ಅವರ ಮಗಳು ಮನೆಯಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದಾಳೆ ಎಂಬುದನ್ನು ಹೊರಗೆಳೆದೆ. ಯಾವ ಕಂಪ್ಯೂಟರ್? ಎಲ್ಲಿಂದ ಬಂತು? ಬಂಟ್ವಾಳದಲ್ಲಿ ಒಂದು ಕೆಲಸ ಉಂಟು, ಹಾಗೇ ನಿಮ್ಮ ಮನೆ ನೋಡಿ ಹೋಗುವ ಎಂದು ಬುಧವಾರ ಸಂಜೆ ಅವರ ಬೈಕಿನ ಹಿಂದೆ ಕೂತೆ. ಬಂಟ್ವಾಳದಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ.

ಸಿದ್ಧಕಟ್ಟೆಯ ಅವರ ಮನೆಯ ಚಾವಡಿಯಲ್ಲಿ ಅವರ ಹೆಂಡತಿ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದರು. ನನ್ನನ್ನು ಕಂಡು ಮೊರ ಬದಿಗಿಟ್ಟು ಶರಬತ್ತು ತಂದರು. ಕಂಪ್ಯೂಟರ್ ಮೂಲೆಯಲ್ಲಿತ್ತು, ಮೇಲೊಂದು ಕಸೂತಿ ಬಟ್ಟೆ ಹೊದೆಸಿತ್ತು. ಸ್ವಲ್ಪ ಶುರು ಮಾಡುವ ಎಂದೆ. ಬಿಳಿ ಸಾಲುಗಳು ಓಡಿದವು. ಶರಬತ್ತಿನ ಲೋಟ ಕೈಯಲ್ಲೇ ಹಿಡಿದು, ಬಾಗಿ ಮೆಮೊರಿಯ ಸಾಲುಗಳನ್ನು ಓದಿದೆ. ಬರೇ ಒಂದು ಜಿಬಿ. "ಇದು ಎಲ್ಲಿಯದು ಅಣ್ಣ?" ಎಂದು ಆದಷ್ಟು ಮೆತ್ತಗೆ ಕೇಳಿದೆ.

ಅವರಿಗೆ ಆಶ್ಚರ್ಯವಾಯಿತು. "ನೀವೇ ಅಲ್ವಾ ಸರ್ ಕೊಟ್ಟದ್ದು? ನಿಮ್ಮ ಮನೆಯ ಹಳೇದು. ಮಗಳಿಗೆ ಆಗ್ಬಹುದು ಅಂತ ನೀವೇ ಬಸ್ಸಿಗೆ ಹತ್ತಿಸಿದ್ದು."

ಹೌದು, ನಾನೇ ಕೊಟ್ಟದ್ದು. ಮರೆತಿದ್ದೆ. ಅಷ್ಟಕ್ಕೆ ಸಂಶಯ ಬಿಡಬೇಕಿತ್ತು, ಬಿಡಲಿಲ್ಲ. ಇಲ್ಲಿ ಇಲ್ಲ ಎಂದಾದರೆ ಮಾರಿದ್ದಾರೆ ಎಂದಾಯಿತಲ್ಲ! ನಾಚಿಕೆಯಾಗುತ್ತದೆ, ಆದರೆ ಆಗ ಯೋಚಿಸಿದ್ದು ಹಾಗೆಯೇ.

ಗುರುವಾರ ವಿಭಾಗದ ಮುಖ್ಯಸ್ಥೆಯ ಕೋಣೆಗೆ ಹೋಗಿ ಮೂರು ಪುಟ ಮುಂದಿಟ್ಟೆ. ನಾನು ಯಾರ ಹೆಸರನ್ನೂ ಹೇಳಲಿಲ್ಲ. ಬೀಗದ ಕೈ ಒಬ್ಬರ ಬಳಿಯೇ ಇರುವುದು ಎಂದು ಮಾತ್ರ ಹೇಳಿದೆ. ಹೆಸರು ಹೇಳುವುದಕ್ಕಿಂತ ಅದು ಕೆಟ್ಟದ್ದು ಎಂದು ಈಗ ತಿಳಿಯುತ್ತದೆ. ಮೇಡಂ ಕಾಗದ ನೋಡಿದರು, ಅಂಚಿಗೆ ಅಂಚು ಕೂಡಿದ ಅಂಕೆಗಳನ್ನು ನಂಬಿದರು. "ಸೀಲ್ ತೆಗೆದ ದಿನ ಎಲ್ಲರ ಎದುರು ಬಿಚ್ಚಿ ನೋಡುವ. ಅಷ್ಟರವರೆಗೆ ಬೀಗದ ಕೈ ನಿಮ್ಮ ಹತ್ರ ಇರ್ಲಿ" ಎಂದರು. ಸಾಮಾನು ಇಲ್ಲವೆಂದಾದರೆ ಆಡಳಿತದವರಿಗೆ ಬರೆಯಬೇಕಾಗುತ್ತದೆ, ಆ ಮೇಲೆ ಅಣ್ಣನ ಕೆಲಸ ಉಳಿಯುವುದು ಕಷ್ಟ ಎಂದೂ ಹೇಳಿದರು.

ಬೀಗದ ಕೈ ಕೇಳಿದ್ದು ನಾನೇ, ಕಾರಿಡಾರಿನಲ್ಲಿ, ನೀರಿನ ಟ್ಯಾಂಕಿನ ಪಕ್ಕ. ಕೊನೆಯ ಸಾಲಿನಿಂದ ಏಳು ಮೆಮೊರಿ ಕಾಣೆಯಾಗಿದೆ ಎಂದೆ. ಅವರು ಜೇಬು ತಟ್ಟಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ನಾನು ಮನಸ್ಸಿನಲ್ಲಿ ಬರೆದುಕೊಂಡೆ, ಅದು ಅವರ ದಿನದ ಅಭ್ಯಾಸ ಎಂಬುದು ಗೊತ್ತಿದ್ದೂ. ಗೊಂಚಲು ತೆಗೆದು ನನ್ನ ಕೈಯಲ್ಲಿಟ್ಟರು. ಅದು ಬೆಚ್ಚಗಿತ್ತು.

"ಏಳೂ ಹೋಗಿದಾ ಸರ್?"

"ಕಾಗದದಲ್ಲಿ ಹಾಗೆ ಉಂಟು."

"ನಾನು ಅಜ್ಜನಿಗೆ ಹೇಳಿಕೊಳ್ತೇನೆ. ಸಿಕ್ಕಿಯೇ ಸಿಗ್ತದೆ" ಎಂದು ಹೊರಟು ಹೋದರು.

ನಮ್ಮಲ್ಲಿ ಕಳೆದ ವಸ್ತು ಸಿಗಲೆಂದು ಕೊರಗಜ್ಜನೆಂಬ ದೈವಕ್ಕೆ ಹೇಳಿಕೊಳ್ಳುವುದುಂಟು. ಬಂಗಾರ, ದನ, ಮೊಬೈಲ್, ಪಾಸ್‌ಪೋರ್ಟ್, ಯಾವುದಾದರೂ ಸರಿ. ಸಿಕ್ಕಿದ ಮೇಲೆ ಅಜ್ಜನ ಕಟ್ಟೆಗೆ ಹೋಗಿ ಚಕ್ಕುಲಿ, ವೀಳ್ಯ ಇಟ್ಟು ಹರಕೆ ಸಲ್ಲಿಸಬೇಕು. ನಾನೂ ಒಮ್ಮೆ ಎಟಿಎಂ ಕಾರ್ಡಿಗೆ ಹೇಳಿಕೊಂಡವನೇ. ಆದರೆ ಆ ಸಂಜೆ ನನಗೆ ಅನ್ನಿಸಿದ್ದು ಬೇರೆ. ಇಷ್ಟು ಧೈರ್ಯದಿಂದ ಸಿಗುತ್ತದೆ ಎನ್ನುವವನಿಗೆ ಎಲ್ಲಿದೆ ಎಂದು ಗೊತ್ತಿರಬೇಕು.

ಮನೆಯಲ್ಲಿ ಅಮ್ಮನಿಗೆ ಹೇಳಿದೆ. ಅವಳು ಈಗ ಬೀಡಿ ಕಟ್ಟುವುದಿಲ್ಲ, ಬೆರಳಿನ ಗಂಟುಗಳು ಬಾಗಿವೆ. ನನ್ನನ್ನು ಹೊಗಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ. "ನೀನು ಸಾಮಾನು ನೋಡಿದ್ದಾ ಮಗ, ಕಾಗದ ನೋಡಿದ್ದಾ?"

"ಕಾಗದ. ಸೀಲ್ ಹಾಕಿದ್ದಾರಲ್ಲ."

ಅಮ್ಮ ಬೆರಳು ನೀವಿಕೊಂಡಳು. "ನನಗೆ ಒಂದು ಸಲ ಬ್ರಾಂಚಿನಲ್ಲಿ ಹೊಗೆಸೊಪ್ಪು ಮಾರಿದ್ದೀಯಾ ಅಂತ ಕೇಳಿದ್ರು, ಎಲ್ಲ ಹೆಂಗಸರ ಎದುರು. ಕೊಟ್ಟ ಸೊಪ್ಪಿಗೆ ಬೀಡಿ ಕಡಿಮೆ ಬಂತು ಅಂತ. ಅವರು ಪುಸ್ತಕ ನೋಡಿದ್ದು, ತಕ್ಕಡಿ ನೋಡಿದ್ದಲ್ಲ. ತಕ್ಕಡಿಯೇ ಸರಿ ಇರ್ಲಿಲ್ಲ."

ಈ ಕತೆಯನ್ನು ಅವಳು ಅದುವರೆಗೆ ನನಗೆ ಹೇಳಿರಲಿಲ್ಲ. ಆಮೇಲೆ ಏನಾಯಿತು ಎಂದು ಕೇಳಿದೆ. ಏನಿಲ್ಲ, ತಕ್ಕಡಿ ಬದಲಿಸಿದರು ಎಂದು ಒಳಗೆ ಹೋದಳು.

ಸೀಲ್ ತೆಗೆದದ್ದು ಮುಂದಿನ ಮಂಗಳವಾರ. ಮೇಡಂ ಬಂದರು, ಸಮಿತಿಯ ಹಿರಿಯರೂ ಬಂದರು. ಅಣ್ಣ ಗೋಡೆಗೆ ಒರಗಿ ನಿಂತಿದ್ದರು, ಟಾರ್ಚ್ ಹಿಡಿಯಲು ಯಾರೂ ಅವರನ್ನು ಕರೆಯಲಿಲ್ಲ. ನಾನೇ ಸ್ಕ್ರೂ ಬಿಚ್ಚಿ ಇಪ್ಪತ್ತನಾಲ್ಕನೆಯ ಯಂತ್ರದ ಪಕ್ಕದ ತಗಡು ಸರಿಸಿದೆ. ಎರಡೂ ಪಟ್ಟಿ ಇದ್ದವು. ಹೊಸದರ ಮೂಲೆಯಲ್ಲಿ ನನ್ನದೇ ಕೆಂಪು ಚುಕ್ಕೆ. ಇಪ್ಪತ್ತೈದರಲ್ಲೂ ಇತ್ತು. ಇಪ್ಪತ್ತಾರು ಬಿಚ್ಚುವಾಗ ತಂದು ಇಟ್ಟಿರಬಹುದೇ ಎಂಬ ಯೋಚನೆ ಬಂದದ್ದನ್ನೂ ಒಪ್ಪಿಕೊಳ್ಳುತ್ತೇನೆ. ಆದರೆ ಸೀಲ್ ಹರಿದಿರಲಿಲ್ಲ, ಕೀ ನನ್ನ ಬಳಿ ಇತ್ತು. ಏಳರಲ್ಲೂ ಏಳು ಚುಕ್ಕೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ. ಅದು ಸಾಲದೆಂದು ಒಬ್ಬರನ್ನು ಕಳ್ಳನನ್ನಾಗಿಯೂ ಮಾಡಿದ್ದೆ.

ಹಿರಿಯರು ನನ್ನ ಕಾಗದವನ್ನು ಎತ್ತಿ, "ಹಾಗಾದ್ರೆ ಇದೆಂತ?" ಎಂದು ಕೇಳಿದರು. ಎಲ್ಲರೂ ಹೋದ ಮೇಲೆ ಇಪ್ಪತ್ತನಾಲ್ಕನೆಯ ಯಂತ್ರವನ್ನು ಶುರು ಮಾಡಿ ಮೂಲ ಕಡತ ತೆರೆದೆ. ಮೇಲಿನಿಂದ ಓದುತ್ತಾ ಬಂದೆ. ಸೊನ್ನೆ, ಸೊನ್ನೆ, ಸೊನ್ನೆ. ಬಳಸಬಹುದಾದ ಮೆಮೊರಿಯ ಕೊನೆಯ ಸಾಲಿನಲ್ಲಿ, ಏಳು ಸೊನ್ನೆಗಳ ನಂತರ ಎಂಟನೆಯ ಜಾಗದಲ್ಲಿ ಒಂದು ಎಂಬ ಅಂಕೆ ನಿಂತಿತ್ತು. ನಾಲ್ಕು ಜಿಬಿಯ ಗಡಿ ದಾಟಿದ ಮೇಲಿನ ಮೆಮೊರಿಗೆ ವಿಳಾಸ ಬರೆಯಬೇಕಾದರೆ ಆ ಎಂಟನೆಯ ಜಾಗ ಬೇಕು. ಎರಡು ಜಿಬಿಯ ಯಂತ್ರಗಳಿಗೆ ಬೇಡ, ಹಾಗಾಗಿ ಅವು ಬಚಾವಾಗಿದ್ದವು. ಈ ಒಂದನ್ನು ನಾನು ಸೊನ್ನೆಗಳ ಜೊತೆ ಕತ್ತರಿಸಿದ್ದೆ. ಕತ್ತರಿಸಿದ ಮೇಲೆ ಆ ಸಾಲು ಸೊನ್ನೆಯಿಂದಲೇ ಶುರುವಾಗುವ ಹಾಗೆ ಕಂಡಿತ್ತು, ಮೇಲಿನ ಸಾಲುಗಳ ಮೇಲೆ ಬಿದ್ದಿತ್ತು, ಎರಡು ಸಲ ಬಂದದ್ದೆಂದು ನನ್ನ ಪ್ರೋಗ್ರಾಂ ಅದನ್ನು ಕಿತ್ತು ಹಾಕಿತ್ತು. ಎಂಟರಲ್ಲಿ ಆ ಮೂರು ಚಿಲ್ಲರೆ ಬಿಟ್ಟು ಉಳಿದದ್ದೆಲ್ಲ, ಐದು ಜಿಬಿಯ ಹತ್ತಿರ, ಒಂದೇ ಸಾಲಿನಲ್ಲಿ ಹೋಗಿತ್ತು. ಊರಿನವರನ್ನೆಲ್ಲ ಸಂಶಯಿಸಿದವನಿಗೆ ತಾನು ಬರೆದ ನಲವತ್ತು ಸಾಲನ್ನು ಸಂಶಯಿಸಲು ತೋಚಲಿಲ್ಲ.

ಅಣ್ಣ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. ತಪ್ಪಾಯಿತು ಎಂದೆ. "ಪರವಾಗಿಲ್ಲ ಸರ್. ಸಿಕ್ಕಿತಲ್ಲ" ಎಂದರು. ಎದ್ದು ನಿಂತು, "ಹರಕೆ ಸಲ್ಲಿಸಬೇಕು. ನೀವೂ ಬರ್ಬೇಕು" ಎಂದರು. ಕಳೆದೇ ಇಲ್ಲದ್ದಕ್ಕೆ ಹರಕೆ ಯಾಕೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಆದಿತ್ಯವಾರ ಬೆಳಿಗ್ಗೆ ಸಿದ್ಧಕಟ್ಟೆಯ ಆಚೆಗಿನ ಒಂದು ಕಟ್ಟೆಗೆ ಹೋದೆವು. ಅವರ ಹೆಂಡತಿಯೂ ಬಂದಿದ್ದರು. ನನ್ನ ಕೈಯಲ್ಲಿ ಚಕ್ಕುಲಿಯ ಪೊಟ್ಟಣ. ನಮ್ಮ ಹಿಂದೆ ಏಳೆಂಟು ಜನ ಕಾಯುತ್ತಿದ್ದರು. ಅಲ್ಲಿ ಭಕ್ತರ ಪರವಾಗಿ ಅಜ್ಜನಿಗೆ ಅರಿಕೆ ಮಾಡುವ ಮುದುಕರೊಬ್ಬರು ತುಳುವಿನಲ್ಲಿ ವಿಚಾರಿಸಿದರು. ಏನು ಕಳೆದದ್ದು? ಕಂಪ್ಯೂಟರಿನ ಸಾಮಾನು ಎಂದರು ಅಣ್ಣ. ಎಲ್ಲಿ ಸಿಕ್ಕಿತು? ಇದ್ದಲ್ಲೇ ಎಂದರು. ಮುದುಕರು ತಲೆ ಎತ್ತಿದರು. ಇದ್ದಲ್ಲೇ ಇದ್ದದ್ದು ಕಳೆದದ್ದು ಹೇಗೆ? ಅಜ್ಜನ ಹತ್ತಿರ ಸರಿಯಾಗಿ ಹೇಳಬೇಕು.

ಅಣ್ಣ ನೆಲ ನೋಡಿದರು. ಅವರ ಹೆಂಡತಿ ನೆಲ ನೋಡಲಿಲ್ಲ, ನನ್ನನ್ನು ನೋಡಿದರು. ಶರಬತ್ತಿನ ಲೋಟ ಹಿಡಿದು ನಾನು ಅವರ ಮನೆಯ ಮೂಲೆಯಲ್ಲಿ ಬಾಗಿ ನಿಂತದ್ದು ಯಾಕೆಂದು ಅವರಿಗೆ ಅರ್ಥವಾಗಿತ್ತು. ನಾನು ಬಾಯಿ ಬಿಟ್ಟೆ. ಏನೂ ಕಳೆದಿರಲಿಲ್ಲ, ನಾನು ಬರೆದ ಲೆಕ್ಕ ತಪ್ಪಿತ್ತು, ಇವರು ಕದ್ದಿದ್ದಾರೆ ಎಂದು ನಾನು ನಂಬಿದೆ, ದೊಡ್ಡವರ ಹತ್ತಿರ ಹೇಳಿಯೂ ಬಂದೆ, ಎಂದು ತುಳುವಿನಲ್ಲಿ ಹೇಳಿದೆ. ಹಿಂದೆ ಕಾಯುತ್ತಿದ್ದವರು ಕತ್ತು ಚಾಚಿ ನನ್ನನ್ನು ನೋಡಿದರು. ಮುದುಕರು ಹೂಂ ಎಂದು, ನನ್ನ ಕೈಯಿಂದ ಪೊಟ್ಟಣ ತೆಗೆದುಕೊಂಡು, ನಾನು ಹೇಳಿದ್ದನ್ನು ಹಾಗೆಯೇ ಅಜ್ಜನಿಗೆ ಒಪ್ಪಿಸಿದರು. ಒಂದು ಮಾತನ್ನೂ ಕಡಿಮೆ ಮಾಡಲಿಲ್ಲ.

ಹರಕೆ ಮುಗಿಯುವವರೆಗೆ ಬೇಡ ಎಂದು ಅವರು ನನ್ನಲ್ಲೇ ಬಿಟ್ಟಿದ್ದ ಗೊಂಚಲನ್ನು ಸೋಮವಾರ ಬೆಳಿಗ್ಗೆ ವಾಪಸು ಕೊಟ್ಟೆ. ತೆಗೆದುಕೊಂಡರು, ಜೇಬಿಗೆ ಇಳಿಸಿ ತಟ್ಟಿದರು. ಎಲ್ಲ ಮೊದಲಿನ ಹಾಗಾಯಿತು ಎಂದು ನನಗೆ ನೆಮ್ಮದಿ.

ಸಂಜೆ ಐದಕ್ಕೆ ಅವರು ಬಾಗಿಲಲ್ಲಿ ನಿಂತು ನನ್ನನ್ನು ಕಾಯುತ್ತಿದ್ದರು. ಕೈಯಲ್ಲಿ ಇನ್ನೂರು ಪುಟದ ಒಂದು ಶಾಲೆಯ ನೋಟ್‌ಪುಸ್ತಕ. ಸ್ಕೇಲ್ ಹಿಡಿದು ಗೆರೆ ಎಳೆದಿದ್ದರು. ತಾರೀಕು, ಯಂತ್ರ, ಮೆಮೊರಿ, ನೋಡಿದವರ ಸಹಿ. ಯಂತ್ರದ ನಂಬರನ್ನು ಮುಂದಿನ ಸೊನ್ನೆ ಬಿಡದೆ ಬರೆದಿದ್ದರು. 024, 025, ಹಾಗೆ 030ರವರೆಗೆ.

"ಏಳನ್ನೂ ಒಮ್ಮೆ ಶುರು ಮಾಡಿ ನೋಡಿ ಸರ್. ನೋಡಿ ಸಹಿ ಹಾಕಿ. ಮತ್ತೆ ನಾನು ಬೀಗ ಹಾಕ್ತೇನೆ."

"ಅದೆಲ್ಲ ಬೇಡ ಅಣ್ಣ. ನನಗೆ ನಿಮ್ಮ ಮೇಲೆ ನಂಬಿಕೆ ಉಂಟು."

"ನಿಮಗೆ ಉಂಟು ಸರ್" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ಹಿಡಿದರು.

ಅಂದಿನಿಂದ ಕೆಲಸದ ದಿನ ಒಂದೂ ತಪ್ಪಿಲ್ಲ. ಏಳು ಯಂತ್ರ ಶುರು ಮಾಡುತ್ತೇನೆ, ಬಿಳಿ ಸಾಲುಗಳು ಓಡುತ್ತವೆ, ಎಂಟನೆಯ ಜಾಗದ ಒಂದನ್ನು ನೋಡುತ್ತೇನೆ, ಸಹಿ ಹಾಕುತ್ತೇನೆ. ಅವರು ನನ್ನ ಹಿಂದೆ ನಿಂತು ನನ್ನ ಕೈಯನ್ನು ನೋಡುತ್ತಿರುತ್ತಾರೆ. ಪುಸ್ತಕ ಮುಗಿದರೆ ಇದೂ ಮುಗಿಯಬಹುದು ಎಂದುಕೊಂಡಿದ್ದೆ. ನಿನ್ನೆ ಕೊನೆಯ ಪುಟಕ್ಕೆ ಸಹಿ ಹಾಕಿದೆ. ಇವತ್ತು ಅವರು ಎರಡನೆಯ ಪುಸ್ತಕ ತಂದಿದ್ದಾರೆ, ಗೆರೆ ಎಳೆದಾಗಿದೆ.